ಅಜ್ಜಂಪುರದಲ್ಲಿ ನಿಂತ ಎಕ್ಸ್‌ರೇ ಗಾಡಿ

ನಮ್ಮ ಎಕ್ಸ್‌ರೇ ಗಾಡಿಯ ಹೊಟ್ಟೆಯೊಳಗಿದ್ದ ಡೀಸೆಲ್ ಜನರೇಟರು ದೇವನೂರಿನಲ್ಲಿ, ಜನ ಸಾಲು ನಿಂತಿದ್ದಾಗಲೇ ಮುರಿಯಿತು. ಕೆಟ್ಟಿತು ಅನ್ನಬಾರದು, ಮುರಿಯಿತು ಅನ್ನಬೇಕು. ನೆಲದಡಿಯಲ್ಲಿ ಯಾರೋ ಸುತ್ತಿಗೆಯಿಂದ ಕುಟ್ಟಿದ ಹಾಗೆ ಸದ್ದಾಯಿತು, ಆಮೇಲೆ ಒಂದು ಜೋರಾದ ಏಟು, ಅಷ್ಟೆ. ಡ್ರೈವರಣ್ಣ ಗಾಡಿಯ ಕೆಳಗೆ ತೂರಿ, ಮೈಗೆಲ್ಲ ಕಪ್ಪು ಎಣ್ಣೆ ಮೆತ್ತಿಕೊಂಡು ಹೊರಗೆ ಬಂದರು.

"ಕ್ರ್ಯಾಂಕ್ ಹೋಯ್ತು ಕಣ್ರೀ ಡಾಕ್ಟ್ರೇ. ಇದು ಇನ್ನ ಇಲ್ಲಿ ಆಗೋ ಕೆಲ್ಸ ಅಲ್ಲ."

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಕ್ಷಯ ಹುಡುಕಲು ಊರೂರಿಗೆ ಹೋಗುತ್ತಿದ್ದ ಒಂದು ಧರ್ಮಾರ್ಥ ಸಂಸ್ಥೆಯ ಗಾಡಿಯಲ್ಲಿ ನಾನು ಫಿಲ್ಮ್ ತೊಳೆಯುವ ಕೆಲಸ ಮಾಡುತ್ತಿದ್ದೆ. ಗಾಡಿ ಅಂದರೆ ಎರಡು ಭಾಗ. ಮುಂದೆ ಎಳೆಯುವ ಲಾರಿ, ಹಿಂದೆ ಬಸ್ಸಿನಷ್ಟು ಉದ್ದದ ಟ್ರೈಲರ್. ಎರಡರ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಸಂದು. ಟ್ರೈಲರಿನ ಹಿಂಬಾಗಿಲಿನಿಂದ ಜನ ಹತ್ತುತ್ತಿದ್ದರು. ನಡುವೆ ಯಂತ್ರ, ಅದರ ಮುಂದೆ ಎದೆಯೊತ್ತಿ ನಿಂತರೆ ಟೆಕ್ನಿಷಿಯನ್ ಗುಂಡಿ ಒತ್ತುತ್ತಿದ್ದ. ಟ್ರೈಲರಿನ ಮೂತಿಯಲ್ಲಿ, ಲಾರಿಯ ಬೆನ್ನಿಗೆ ಎದುರಾಗಿ ನನ್ನ ಡಾರ್ಕ್ ರೂಮು. ದೇವರ ಕೋಣೆಗಿಂತ ದೊಡ್ಡದಲ್ಲ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು.

ಊರಿನ ಕರೆಂಟು ನಮ್ಮ ಯಂತ್ರಕ್ಕೆ ಸಾಲುತ್ತಿರಲಿಲ್ಲ. ಒಂದೊಂದು ಎಕ್ಸ್‌ರೇಗೂ ಯಂತ್ರ ತನ್ನೊಳಗೆ ವಿದ್ಯುತ್ತನ್ನು ತುಂಬಿಸಿಕೊಂಡು ಒಂದೇ ಸಲಕ್ಕೆ ಬಿಡಬೇಕು. ದೇವನೂರಿನ ಕರೆಂಟಿನಲ್ಲಿ ಮೀಟರಿನ ಮುಳ್ಳು ಅರ್ಧ ದಾರಿಗೆ ಬಂದು ಕೂತುಬಿಡುತ್ತಿತ್ತು. ಡಾಕ್ಟರು ಮುಖ್ಯ ಕಚೇರಿಗೆ ಟ್ರಂಕ್ ಕಾಲ್ ಮಾಡಿದರು. ಡೀಸೆಲ್ ಎಂಜಿನ್ ರಿಪೇರಿಗೆ ತಿಂಗಳಾಗಬಹುದು, ಅಲ್ಲಿಯವರೆಗೆ ಇದನ್ನು ಬಳಸಿ ಎಂದು ಅವರು ಬಸ್ಸಿನ ಮೇಲೆ ಒಂದು ಸಣ್ಣ ಪೆಟ್ರೋಲ್ ಜನರೇಟರು ಕಳಿಸಿದರು. ಇಬ್ಬರು ಹೊತ್ತು ನಡೆಯಬಹುದಾದಂಥದು. ಹಗ್ಗ ಸುತ್ತಿ ಎಳೆದರೆ ಸ್ಟಾರ್ಟ್ ಆಗುತ್ತಿತ್ತು.

ಡ್ರೈವರಣ್ಣನಿಗೆ ಅದನ್ನು ಕಂಡರೆ ಮುದ್ದು. ನಲವತ್ತು ದಾಟಿದ ಮನುಷ್ಯ, ಕಡೂರಿನ ಕಡೆಯವರೇ. ನಾನು ಕೆಲಸಕ್ಕೆ ಸೇರಿದ ಮೊದಲ ದಿನದಿಂದ ನನ್ನನ್ನು "ತಂಗ್ಯಮ್ಮ" ಎಂದೇ ಕರೆಯುತ್ತಿದ್ದರು. ಡಾಕ್ಟರು ಜೀಪಿನಲ್ಲಿ ಮುಂದೆ ಹೋದರೆ ನಾನು ಇವರ ಪಕ್ಕದಲ್ಲಿ ಲಾರಿಯಲ್ಲಿ ಕೂರುತ್ತಿದ್ದೆ. ನಾವು ಓಡಾಡುತ್ತಿದ್ದ ಮೂರು ತಾಲ್ಲೂಕಿನಲ್ಲಿ ಯಾವ ಸೇತುವೆ ಎಷ್ಟು ಭಾರ ತಡೆಯುತ್ತದೆ, ಯಾವ ಊರಿನ ಹುಣಸೆಮರದ ಕೊಂಬೆ ಟ್ರೈಲರಿನ ತಲೆಗೆ ಬಡಿಯುತ್ತದೆ ಎಲ್ಲ ಅವರ ಬಾಯಲ್ಲಿತ್ತು.

ದೇವನೂರಿನಲ್ಲಿ ಸಣ್ಣ ಜನರೇಟರನ್ನು ಗಾಡಿಯಿಂದ ದೂರ, ಬಯಲಿನಲ್ಲಿಟ್ಟು ಉದ್ದ ಕೇಬಲ್ ಎಳೆದೆವು. ಕೆಲಸ ನಿಧಾನವಾಯಿತು. ಯಂತ್ರ ತುಂಬಿಕೊಳ್ಳುವವರೆಗೆ ಜನ ಅಂಗಿ ಬಿಚ್ಚಿ ನಿಂತು ನಡುಗುತ್ತಿದ್ದರು. ಆದರೂ ಫಿಲ್ಮುಗಳು ಚೆನ್ನಾಗಿ ಬಂದವು.

ಚೌಳಹಿರಿಯೂರಿನಲ್ಲಿ ಎತ್ತಿನ ಗಾಡಿಯೊಂದು ಕೇಬಲ್ ಮೇಲೆ ಹಾದುಹೋಯಿತು. ಚಕ್ರದ ಕಬ್ಬಿಣದ ಪಟ್ಟಿ ಅದನ್ನು ಎರಡು ಕಡೆ ಕತ್ತರಿಸಿತು. ಡ್ರೈವರಣ್ಣ ಗಂಟು ಹಾಕಿ ಟೇಪು ಸುತ್ತಿದರು. ಮಧ್ಯಾಹ್ನಕ್ಕೆ ಗಂಟು ಬಿಸಿಯಾಗಿ ಹೊಗೆ ಬಂತು. ಕೊನೆಗೆ ಸುಟ್ಟ ಭಾಗವನ್ನೆಲ್ಲ ತೆಗೆದು ಬಿಸಾಕಿದಾಗ ಉಳಿದದ್ದು ಮೋಟು ಕೇಬಲ್. ಜನರೇಟರು ಟ್ರೈಲರಿನ ಪಕ್ಕಕ್ಕೇ ಬಂತು. ಅದರ ಗಡಗಡ ಸದ್ದಿಗೆ ನನ್ನ ತೊಟ್ಟಿಗಳಲ್ಲಿದ್ದ ದ್ರಾವಣ ದಿನವಿಡೀ ಸಣ್ಣಗೆ ನಡುಗುತ್ತಿತ್ತು.

ಅಜ್ಜಂಪುರಕ್ಕೆ ಬಂದಾಗ ಮೋಡ ಕವಿದಿತ್ತು. ಊರ ಹೊರಗೆ, ರಸ್ತೆಯ ಪಕ್ಕದಲ್ಲಿ, ಹತ್ತಿರದ ಮಠಕ್ಕೆ ಸೇರಿದ ಕಣದಲ್ಲಿ ಗಾಡಿ ನಿಲ್ಲಿಸಲು ಮಠದ ಆಡಳಿತ ನೋಡುವ ಯಜಮಾನರು ಒಪ್ಪಿದ್ದರು. ಎದುರಿಗೆ ಒಂದು ವೆಲ್ಡಿಂಗ್ ಅಂಗಡಿ, ಅದರಾಚೆ ಈರುಳ್ಳಿ ತುಂಬುವ ಲಾರಿಗಳು. ಯಜಮಾನರು ತಾವೇ ಸುತ್ತಲಿನ ಹಳ್ಳಿಗಳಿಗೆ ಹೇಳಿ ಕಳಿಸಿದ್ದರು. ಶಿವನಿಯ ಕಡೆಯಿಂದ ರೈಲಿನಲ್ಲಿ ಬಂದವರೂ ಇದ್ದರು.

ಮೊದಲ ದಿನವೇ ಗಾಳಿಯ ಜೊತೆ ಜಿಟಿಜಿಟಿ ಮಳೆ ಹಿಡಿಯಿತು. ಜನರೇಟರಿನ ಮೇಲೆ ಹನಿ ಬಿದ್ದು ಕಿಡಿ ಹಾರಿತು. ಟೆಕ್ನಿಷಿಯನ್‌ಗೆ ಒಂದು ಸಲ ಶಾಕ್ ಕೂಡ ಹೊಡೆಯಿತು. ಕೆಲಸ ನಿಲ್ಲಿಸೋಣವೇ ಎಂದು ಡಾಕ್ಟರು ಕೇಳುತ್ತಿದ್ದಾಗ ಡ್ರೈವರಣ್ಣ ಲಾರಿಗೂ ಟ್ರೈಲರಿಗೂ ನಡುವಿನ ಸಂದನ್ನು ತೋರಿಸಿದರು.

"ಇಲ್ಲಿ ಮೇಲೆತ್ತಿ ಕೂರಿಸ್ಬಿಟ್ಟು, ಮ್ಯಾಲೆ ಟಾರ್ಪಾಲು ಕಟ್ಟಾಣ. ಒಂದು ಹನಿ ಬೀಳಾಕಿಲ್ಲ."

ಅವರು ಕಟ್ಟಿದ್ದು ನೋಡಿ ಎಲ್ಲರೂ ಭೇಷ್ ಅಂದೆವು. ಟ್ರೈಲರಿನ ಮೇಲಿನಿಂದ ಲಾರಿಯ ತಲೆಯವರೆಗೆ ಟಾರ್ಪಾಲು ಬಿಗಿದು, ಗಾಳಿ ಒಳಗೆ ಎರಚದ ಹಾಗೆ ಎರಡೂ ಬದಿಗೆ ಇಳಿಬಿಟ್ಟು ಹಗ್ಗ ಎಳೆದಿದ್ದರು. ಸೈಲೆನ್ಸರಿನ ಬಾಯಿ ಹೊರಮುಖವಾಗಿಯೇ ಇತ್ತು. ಆದರೆ ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಜನರೇಟರು ಸಲೀಸಾಗಿ ಓಡಿತು. ಮಳೆಯಲ್ಲೂ ಜನ ನಿಂತರು.

ನನಗೆ ತಲೆನೋವು ಶುರುವಾದದ್ದು ಅಂದು ಮಧ್ಯಾಹ್ನ. ಡಾರ್ಕ್ ರೂಮಿನಲ್ಲಿ ಕೆಲಸ ಮಾಡುವವರಿಗೆ ಅದು ಹೊಸದಲ್ಲ. ಹುಳಿ ದ್ರಾವಣದ ಘಾಟು ಮೂಗಿನಲ್ಲಿ ಕೂತರೆ ಬೇರೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ. ಘಾಟು ಹೋಗಲೆಂದು ಚಾವಣಿಯಲ್ಲಿ ಒಂದು ಫ್ಯಾನಿತ್ತು. ಒಳಗಿನ ಗಾಳಿಯನ್ನು ಎಳೆದು ಹೊರಗೆ ಹಾಕುವ ಫ್ಯಾನು. ತಲೆ ನೋಯುತ್ತಿದೆಯೆಂದು ನಾನು ಅದನ್ನು ಬಿಡದೆ ಓಡಿಸಿದೆ.

ಮಾರನೆಯ ದಿನ ಗಾಡಿಯೊಳಗಿಂದ ಇಳಿದವರಲ್ಲಿ ಕೆಲವರು ಮೆಟ್ಟಿಲ ಹತ್ತಿರ ತಲೆ ಹಿಡಿದು ಕೂರತೊಡಗಿದರು. ಸೊಸೆಯನ್ನು ಕರೆತಂದಿದ್ದ ಶಿವನಿಯ ಒಬ್ಬ ಮುದುಕಿ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಯವ್ವಾ, ನಿಜ ಹೇಳು. ಈ ಮಿಷಿನ್ನು ಮೈಯಾಗಿನ್ ರಕ್ತ ಎಳ್ಕಂತದಾ? ನಮ್ ಹುಡ್ಗಿ ಒಳಿಕ್ಕೆ ಹೋಗೋವಾಗ ನೆಟ್ಟಗಿದ್ಲು."

"ಇಲ್ಲ ಅಜ್ಜಿ. ಅದು ಬರೀ ಫೋಟೋ."

"ಫೋಟೋ ತೆಗುದ್ರೆ ಯಾಕ್ ಓಕರಿಸ್ತಾಳೆ ಮತ್ತೆ?"

ಡಾಕ್ಟರು ಹುಡುಗಿಯ ನಾಡಿ ನೋಡಿದರು. ಖಾಲಿ ಹೊಟ್ಟೆ, ಬಹಳ ಹೊತ್ತು ನಿಂತಿದ್ದಾಳೆ ಎಂದರು. ಅವರಿಗೂ ಬೆಳಗಿನಿಂದ ಹೊಟ್ಟೆ ತೊಳಸುತ್ತಿತ್ತು. ಅದನ್ನು ಅವರು ಊರಿನ ನೀರಿನ ಮೇಲೆ ಹಾಕಿದರು. ಚಳಿಗಾಳಿ ಒಳಗೆ ಬರುತ್ತದೆಂದು ಟ್ರೈಲರಿನ ಕಿಟಕಿಗಳನ್ನೆಲ್ಲ ಮುಚ್ಚಿಸಿದರು. ರಕ್ತ ಹೀರುವ ಗಾಡಿ ಎಂಬ ಮಾತು ಸಂಜೆಯೊಳಗೆ ಸಾಲಿನುದ್ದಕ್ಕೂ ಹಬ್ಬಿತು. ಯಜಮಾನರು ಗದರಿಸಿದ್ದಕ್ಕೆ ಜನ ಚದುರಲಿಲ್ಲ, ಆದರೆ ಮೆಟ್ಟಿಲು ಹತ್ತುವಾಗ ಒಬ್ಬೊಬ್ಬರೂ ನನ್ನ ಮುಖವನ್ನು ನೋಡುವ ರೀತಿ ಬದಲಾಗಿತ್ತು.

ಮೂರನೆಯ ದಿನ ಡ್ರೈವರಣ್ಣ ಮೈಕೈ ನೋವು ಅಂದರು. ಜನರೇಟರಿಗೆ ಪೆಟ್ರೋಲು ತುಂಬಿ, "ಸ್ವಲ್ಪ ಹಂಗೇ ಅಡ್ಡಾಗ್ತೀನಿ ಕಣಮ್ಮ, ನಿಂತ್ರೆ ಕರಿ" ಎಂದು ಲಾರಿಯೊಳಗೆ ಹೋಗಿ ಗಾಜು ಏರಿಸಿ ಕಂಬಳಿ ಹೊದ್ದು ಮಲಗಿದರು. ಜನರೇಟರಿನ ಸದ್ದು ಒಂದು ಚೂರು ಏರುಪೇರಾದರೂ ನಿದ್ದೆಯಿಂದ ಎದ್ದು ಓಡಿ ಬರುವ ಮನುಷ್ಯ. ಹಾಗಾಗಿ ನಾನು ನಿಶ್ಚಿಂತೆಯಿಂದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಂದು ಬೆಳಗಿನಿಂದ ತೆಗೆದ ಎಕ್ಸ್‌ರೇಗಳೆಲ್ಲ ಒಂದೇ ಸುರುಳಿ ಫಿಲ್ಮಿನಲ್ಲಿದ್ದವು. ನೂರಕ್ಕೂ ಹೆಚ್ಚು ಜನರ ಎದೆ. ಕಡುಗೆಂಪು ದೀಪದ ಬೆಳಕಿನಲ್ಲಿ ಸುರುಳಿಯನ್ನು ಬಿಚ್ಚಿ, ಚೌಕಟ್ಟಿಗೆ ಸುತ್ತಿ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ಮುಳುಗಿಸಿದೆ. ಇನ್ನು ಹೊತ್ತು ನೋಡಿಕೊಂಡು ಅದನ್ನು ಅಲ್ಲಾಡಿಸುತ್ತ ಇರಬೇಕು. ಗೋಡೆಯ ಗಡಿಯಾರ ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೋಡಿದೆ. ಮುಳ್ಳು ಎಲ್ಲಿಂದ ಶುರುವಾಗಿತ್ತು ಎಂಬುದು ನೆನಪಿಗೆ ಬರಲಿಲ್ಲ.

ಇಂಥದು ನನಗೆ ಯಾವತ್ತೂ ಆಗಿರಲಿಲ್ಲ. ಕೆಂಪು ದೀಪ ಎರಡಾಯಿತು. ಕಣ್ಣು ಮುಚ್ಚಿ ತೆರೆದೆ, ಎರಡೇ ಇತ್ತು. ಕೈ ತಾನಾಗಿಯೇ ಫಿಲ್ಮನ್ನು ಅಲ್ಲಾಡಿಸುತ್ತಿತ್ತು. ಆದರೆ ಮೊಣಕಾಲಿನ ಕೆಳಗೆ ನನ್ನ ಕಾಲು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಿದ್ದೆ ಬರುತ್ತಿತ್ತು. ನೋವು, ಸಂಕಟ ಎಲ್ಲ ಹಿಂದಕ್ಕೆ ಸರಿದು, ಒಂದು ಹಿತವಾದ ಬೆಚ್ಚನೆಯ ನಿದ್ದೆ. ನನಗೆ ಭಯ ಹುಟ್ಟಿಸಿದ್ದು ಆ ಹಿತವೇ. ನಡುಹಗಲಿನಲ್ಲಿ, ನಿಂತುಕೊಂಡು, ಇಷ್ಟು ಹಿತವಾಗಿ ಯಾಕೆ ನಿದ್ದೆ ಬರಬೇಕು?

ಬಾಗಿಲು ತೆರೆದರೆ ಫಿಲ್ಮು ಸತ್ತಂತೆ. ಡಾರ್ಕ್ ರೂಮಿನಲ್ಲಿ ಮೊದಲು ಕಲಿಸುವ ಪಾಠವೇ ಅದು: ಏನೇ ಆಗಲಿ, ಫಿಲ್ಮು ತೊಟ್ಟಿಯಲ್ಲಿದ್ದಾಗ ಚಿಲಕ ಮುಟ್ಟಬಾರದು. ಆ ನೂರು ಜನರಲ್ಲಿ ಶಿವನಿಯಿಂದ ರೈಲಿನಲ್ಲಿ ಬಂದವರಿದ್ದರು, ಕೂಲಿ ಬಿಟ್ಟು ಬಂದವರಿದ್ದರು, ಕೆಮ್ಮಿದಾಗ ಸೆರಗಿಗೆ ರಕ್ತ ಒರೆಸಿಕೊಂಡು ಮುಚ್ಚಿಟ್ಟವರೂ ಇದ್ದರು. ಹೆದರಿ ಹೋದವರು ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನು ಸ್ವಲ್ಪ ಹೊತ್ತು ತಡೆದರೆ ಮುಗಿಯುತ್ತದೆ ಅಂದುಕೊಂಡೆ. ಎಷ್ಟು ಹೊತ್ತು ಎಂದು ಲೆಕ್ಕ ಹಾಕಲು ಹೋದೆ, ಆಗಲಿಲ್ಲ. ಚಿಲಕಕ್ಕೆ ಕೈ ಹಾಕಿದೆ.

ಬೆಳಕು ಒಳಗೆ ನುಗ್ಗಿತು. ನಾನು ಟೆಕ್ನಿಷಿಯನ್‌ನ ಕಾಲ ಬಳಿ ಬಿದ್ದೆ.

"ಏನ್ರೀ ಮಾಡಿದ್ರಿ! ಫಿಲ್ಮು ಒಳಗಿಲ್ವೇನ್ರೀ?" ಎಂದು ಅವನು ಕೂಗಿದ.

"ಜನರೇಟರ್ ನಿಲ್ಸಿ" ಅಂದೆ. ಯಾಕೆ ಹಾಗೆ ಅಂದೆನೋ ತಿಳಿಯದು. ಗೋಡೆಯಾಚೆಯ ಆ ಗಡಗಡ ಸದ್ದು ತಲೆಯೊಳಗೇ ಇದ್ದ ಹಾಗಿತ್ತು. "ಮೊದ್ಲು ನಿಲ್ಸಿ."

ಅವನು ಇಳಿದು ಓಡಿದ. ಜನರೇಟರು ನಿಂತಿತು, ನನ್ನ ಫ್ಯಾನೂ ನಿಂತಿತು. ಡಾಕ್ಟರು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದರು. ಮಳೆಹನಿ ಮುಖಕ್ಕೆ ಬಿತ್ತು. ಒಂದೆರಡು ಉಸಿರು ಎಳೆದುಕೊಂಡೆ. ಆಗ ನನಗೆ ಆ ನಿಶ್ಶಬ್ದ ಕೇಳಿಸಿತು. ಜನರೇಟರು ನಿಂತಿದೆ. ಡ್ರೈವರಣ್ಣ ಬಂದಿಲ್ಲ.

"ಸಾರ್, ಅಣ್ಣ ಎದ್ದಿಲ್ಲ."

ಲಾರಿಯ ಬಾಗಿಲು ಎಳೆದಾಗ ಅವರ ಒಂದು ಕೈ ಜೋತು ಹೊರಗೆ ಬಿತ್ತು. ಮುಖ ನೋಡಿದರೆ ಕಾಯಿಲೆಯವರ ಹಾಗಿರಲಿಲ್ಲ. ಎಣ್ಣೆಸ್ನಾನ ಮಾಡಿ ಎದ್ದವರ ಹಾಗೆ ಕೆಂಪಗೆ, ಕಳೆಕಳೆಯಾಗಿತ್ತು. ಅದನ್ನು ಕಂಡೊಡನೆ ಡಾಕ್ಟರು ತಲೆಯೆತ್ತಿ ಟಾರ್ಪಾಲು ನೋಡಿದರು, ಲಾರಿಯ ಬೆನ್ನ ತಗಡಿನಲ್ಲಿದ್ದ ಬಿರುಕು ನೋಡಿದರು, ನನ್ನ ಕೋಣೆಯ ಗೋಡೆಯಲ್ಲಿ ಕೇಬಲ್ ಹೋಗುವ ತೂತು ನೋಡಿದರು.

"ಹೊಗೆ. ಜನರೇಟರಿನ ಹೊಗೆ. ಅದರಲ್ಲಿರೋ ವಿಷಕ್ಕೆ ವಾಸನೆ ಇಲ್ಲ. ಮುಖ ಹೀಗೆ ಕೆಂಪಾಗೋದು ಅದರಿಂದಲೇ" ಎಂದರು. "ನಿಮ್ಮ ಫ್ಯಾನು ಆ ತೂತಿನಿಂದ ಅದನ್ನೇ ಎಳಕೊಂಡು ಕೋಣೆ ತುಂಬಿಸಿದೆ, ಬಾಗಿಲು ತೆರೆದಾಗೆಲ್ಲ ಗಾಡಿಗೂ ಹರಡಿದೆ."

ಡ್ರೈವರಣ್ಣನನ್ನು ಕಣದಲ್ಲಿ ಮಲಗಿಸಿದೆವು. ಉಸಿರಿತ್ತು, ಆದರೆ ಅರೆಬರೆ. ಆಕ್ಸಿಜನ್ ಬೇಕು ಎಂದರು ಡಾಕ್ಟರು. ನಮ್ಮ ಗಾಡಿಯಲ್ಲಿ ಇರಲಿಲ್ಲ. ಇದ್ದರೆ ತರೀಕೆರೆಯ ದೊಡ್ಡ ಆಸ್ಪತ್ರೆಯಲ್ಲಿ. ಅಷ್ಟು ದೂರ ಹೋಗುವವರೆಗೆ ಈ ಉಸಿರು ನಿಲ್ಲುತ್ತದೆಯೇ ಎಂದು ನಾನು ಕೇಳಿದೆ. ಅವರು ಮತ್ತೆ ನಾಡಿ ಹಿಡಿದರು.

ಎದುರಿಗಿದ್ದ ವೆಲ್ಡಿಂಗ್ ಅಂಗಡಿಯ ಬಾಗಿಲಲ್ಲಿ ಅದರ ಮಾಲೀಕ ನಿಂತು ನೋಡುತ್ತಿದ್ದ. ಅವನ ಬೆನ್ನ ಹಿಂದೆ ಗೋಡೆಗೆ ಸರಪಳಿ ಕಟ್ಟಿ ನಿಲ್ಲಿಸಿದ್ದ ಕಪ್ಪು ಸಿಲಿಂಡರು ನನಗೆ ಕಾಣಿಸಿತು. ಹಾಗೇ ರಸ್ತೆ ದಾಟಿದೆ.

"ಅದ್ರಲ್ಲಿರೋದು ಆಕ್ಸಿಜನ್ ಅಲ್ವಾ?"

"ಹೌದು ಕಣಮ್ಮ. ಆದ್ರೆ ಇದು ಕಬ್ಬಿಣ ಕೊಯ್ಯೋ ಗಾಳಿ. ಮನುಷ್ರಿಗೆ ಆಗ್ತದಾ?"

ನನಗೆ ಗೊತ್ತಿರಲಿಲ್ಲ. ಆದರೂ ತನ್ನಿ ಅಂದೆ. ಸಿಲಿಂಡರು ತಳ್ಳುಗಾಡಿಯ ಮೇಲೆ ಬಂದಾಗ ಡಾಕ್ಟರು ಅದರ ಸುತ್ತ ಒಂದು ಸಲ ಬಂದು ನೋಡಿದರು. ಒತ್ತಡ ಜಾಸ್ತಿಯಾದರೆ ಶ್ವಾಸಕೋಶ ಹರಿಯುತ್ತದೆ, ಒಳಗೆ ಬೇರೇನಿದೆಯೋ ಯಾರು ಬಲ್ಲರು ಎಂದು ತಮ್ಮಷ್ಟಕ್ಕೆ ಅನ್ನುತ್ತಿದ್ದರು. ಆಮೇಲೆ ವೆಲ್ಡರನಿಗೆ, "ಎಷ್ಟು ಕಮ್ಮಿ ಬಿಡಕ್ಕಾಗುತ್ತೋ ಅಷ್ಟು ಕಮ್ಮಿ ಬಿಡಪ್ಪಾ" ಎಂದು ಹೇಳಿ, ಕೊಳವೆಯ ಬಾಯನ್ನು ಮೊದಲು ತಮ್ಮ ಮೂಗಿನ ಮುಂದೆ ಹಿಡಿದು ಉಸಿರೆಳೆದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತ ನಿಂತೆವು. ಇನ್ನೊಂದು ಸಲ ಎಳೆದರು.

"ಆಗುತ್ತೆ. ಏನಾದ್ರೂ ಬಟ್ಟಲಿನ ಥರದ್ದು ಕೊಡಿ."

ದ್ರಾವಣ ಸುರಿಯುವ ನನ್ನ ದೊಡ್ಡ ಆಲಿಕೆಯನ್ನು ತೊಳೆದು ತಂದೆ. ಅದರ ಬಾಲಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ, ಅಗಲ ಬಾಯಿಯನ್ನು ಡ್ರೈವರಣ್ಣನ ಮುಖದ ಮೇಲೆ ಹಿಡಿದೆ. ವೆಲ್ಡರ ಸಿಲಿಂಡರಿನ ಕೀಲಿಯ ಮೇಲಿಂದ ಕೈ ತೆಗೆಯದೆ ಗುಂಪಿನ ಕಡೆ ಕಿರುಚಿದ.

"ಬೀಡಿ ಆರಿಸ್ರಲೇ! ಎಣ್ಣೆ ಕೈನೋರು ಯಾರೂ ಹತ್ರ ಬರ್ಬ್ಯಾಡಿ. ಹತ್ಕಂಡ್ರೆ ಎಲ್ರೂ ಹೋಯ್ತೀವಿ."

ಜನ ಹಿಂದೆ ಸರಿದರು. ಕೊಳವೆಯಿಂದ ಸಣ್ಣಗೆ ಸುಯ್ಯೆಂದು ಗಾಳಿ ಬರುತ್ತಿತ್ತು. ನನ್ನ ಮೊಣಕಾಲು ಕೆಸರಿನಲ್ಲಿ ಹೂತಿತ್ತು. ಆಲಿಕೆ ಹಿಡಿದ ಕೈ ಜೋಮು ಹಿಡಿದಾಗ ಟೆಕ್ನಿಷಿಯನ್ ಬದಲಿಸಿದ. ಯಜಮಾನರು ತಮ್ಮ ಶಲ್ಯ ಬಿಚ್ಚಿ ಮಳೆ ಬೀಳದ ಹಾಗೆ ನಮ್ಮ ತಲೆಯ ಮೇಲೆ ಹಿಡಿದು ನಿಂತಿದ್ದರು. ಕೊನೆಗೆ ಡ್ರೈವರಣ್ಣ ಹೊಟ್ಟೆ ಎಳೆದುಕೊಂಡು ವಾಂತಿ ಮಾಡಿದರು. ಡಾಕ್ಟರು ಅವರನ್ನು ಮಗ್ಗುಲಿಗೆ ಹೊರಳಿಸಿದರು. ಕಣ್ಣು ಅರ್ಧ ತೆರೆಯಿತು.

ಟ್ರೈಲರಿನ ಲಾರಿ ಓಡಿಸಬಲ್ಲವರು ನಮ್ಮಲ್ಲಿ ಅವರೊಬ್ಬರೇ. ಜೀಪಿನಲ್ಲಿ ಮನುಷ್ಯನೂ ಸಿಲಿಂಡರೂ ಒಟ್ಟಿಗೆ ಹಿಡಿಯುತ್ತಿರಲಿಲ್ಲ. ಯಜಮಾನರು ಒಂದು ಈರುಳ್ಳಿ ಲಾರಿಯನ್ನು ಅರ್ಧಕ್ಕೆ ಇಳಿಸಿ ಕರೆಸಿದರು. ಮೂಟೆಗಳ ಮೇಲೆ ಅವರನ್ನು ಮಲಗಿಸಿ, ಸಿಲಿಂಡರನ್ನು ನಿಲ್ಲಿಸಿ ಕಟ್ಟಿ, ತರೀಕೆರೆಯವರೆಗೆ ಆಲಿಕೆ ಹಿಡಿದುಕೊಂಡೇ ಹೋದೆವು. ವೆಲ್ಡರ ತನ್ನ ಅಂಗಡಿಗೆ ಬೀಗ ಹಾಕಿ ನಮ್ಮ ಜೊತೆ ಬಂದಿದ್ದ. ಆಸ್ಪತ್ರೆಯಲ್ಲಿ ಡ್ರೈವರಣ್ಣ ಕೇಳಿದ ಮೊದಲ ಮಾತು, "ಗಾಡಿಗೆ ಏನೂ ಆಗಿಲ್ಲ ತಾನೆ?"

ಮತ್ತೆ ಅಜ್ಜಂಪುರದಲ್ಲಿ ಕೆಲಸ ಶುರುಮಾಡಿದಾಗ ಜನರೇಟರು ಕಣದ ಆ ತುದಿಯಲ್ಲಿತ್ತು, ಹೊಸ ಕೇಬಲ್ ಬಂದಿತ್ತು. ಹಾಳಾದ ಫಿಲ್ಮಿನಲ್ಲಿದ್ದವರನ್ನು ವಾಪಸು ಕರೆಸಲು ಯಜಮಾನರು ಮನೆಮನೆಗೆ ಹೇಳಿ ಕಳಿಸಿದರು. ಹೆಚ್ಚುಕಡಿಮೆ ಅರ್ಧ ಜನ ಬಂದರು. ಬಂದವರಲ್ಲಿ ಮೂವರಿಗೆ ಕಾಯಿಲೆಯಿತ್ತು. ಬಾರದವರಲ್ಲಿ ಎಷ್ಟು ಜನರಿಗಿತ್ತೋ ತಿಳಿಯಲು ದಾರಿಯಿಲ್ಲ. ಶಿವನಿ ಊರಿಗೆ ನಾನೂ ಟೆಕ್ನಿಷಿಯನ್ನೂ ಹೋಗಿ ಬಾಗಿಲು ತಟ್ಟಿದೆವು. ಕೆಲವು ಬಾಗಿಲು ತೆರೆಯಲಿಲ್ಲ.

ಡ್ರೈವರಣ್ಣ ಮನೆಯಲ್ಲಿ ಎರಡು ಮೂರು ವಾರ ಸುಧಾರಿಸಿಕೊಂಡು ಕೆಲಸಕ್ಕೆ ಬಂದರು. ಮೊದಲಿನಂತೆಯೇ ಇದ್ದರು, ಊಟ ಮಾತ್ರ ಸ್ವಲ್ಪ ಕಮ್ಮಿ. ಮಳೆ ನಿಂತು ಬಿಸಿಲು ಬಂದಿತ್ತು. ಗಾಡಿಯನ್ನು ತರೀಕೆರೆಗೆ ಒಯ್ಯುವ ದಿನ ನಾನು ಎಂದಿನಂತೆ ಅವರ ಪಕ್ಕ ಕೂತೆ. ಡಾಕ್ಟರು ಜೀಪಿನಲ್ಲಿ ಮುಂದೆ ಹೋಗಿದ್ದರು. ದಾರಿಯಲ್ಲಿ ರೈಲ್ವೆ ಗೇಟು ಮುಚ್ಚಿತ್ತು, ನಿಂತೆವು. ಗೂಡ್ಸ್ ರೈಲು ಹೋಯಿತು. ಗೇಟು ಎದ್ದಿತು. ನಮ್ಮ ಗಾಡಿ ಕದಲಲಿಲ್ಲ.

ಹಿಂದೆ ಬಸ್ಸಿನವನು ಹಾರನ್ ಹೊಡೆದ. ಡ್ರೈವರಣ್ಣ ಗೇರಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

"ಅಣ್ಣಾ, ಗೇಟ್ ತೆಗ್ದಿದೆ."

"ತಂಗ್ಯಮ್ಮ" ಎಂದರು ಮೆಲ್ಲಗೆ, ಯಾರಿಗೂ ಕೇಳಬಾರದು ಎನ್ನುವ ಹಾಗೆ. "ಇದ್ನ ಯಾವ್ ಕಡೆ ತಳ್ಬೇಕು?"

ತಮಾಷೆಯೆಂದು ನಗಲು ಹೋದೆ. ಅವರು ನಗುತ್ತಿರಲಿಲ್ಲ. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು.

ಆ ವಿಷ ಮೈಯಿಂದ ಹೋದ ಮೇಲೂ ಕೆಲವು ವಾರ ಬಿಟ್ಟು ಮೆದುಳಿನಲ್ಲಿ ಹೀಗೆ ತಲೆಯೆತ್ತಬಹುದು ಎಂದು ಡಾಕ್ಟರು ಆಮೇಲೆ ಪುಸ್ತಕ ತೆರೆದು ತೋರಿಸಿದರು. ವರ್ಷ ಕಳೆಯುವುದರೊಳಗೆ ಡ್ರೈವರಣ್ಣ ಬಹುಪಾಲು ಸರಿಹೋದರು. ಸಂಸ್ಥೆಯ ಉಗ್ರಾಣದಲ್ಲಿ ಕೆಲಸವೂ ಸಿಕ್ಕಿತು, ಸ್ಟೀರಿಂಗ್ ಮಾತ್ರ ಮತ್ತೆ ಮುಟ್ಟಲಿಲ್ಲ. ಆದರೆ ಆ ಗೇಟಿನ ಮುಂದೆ ಇದೊಂದೂ ನನಗೆ ಗೊತ್ತಿರಲಿಲ್ಲ. ನಮ್ಮ ಹಿಂದೆ ಅಷ್ಟು ದೊಡ್ಡ ಟ್ರೈಲರು, ಮುಂದೆ ರೈಲು ಕಂಬಿ.

ಕೈ ಚಾಚಿ ಕೀಲಿ ತಿರುಗಿಸಿದೆ. ಎಂಜಿನ್ ನಿಂತಿತು. ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವರು ತಡೆಯಲಿಲ್ಲ.

"ಇನ್ನೊಂದು ರೈಲು ಬರೋದಿದೆಯಂತೆ ಅಣ್ಣಾ. ಸ್ವಲ್ಪ ಕಾಯೋಣ."

"ಹಂಗಾರೆ ಕಾಯಾಣ ಕಣಮ್ಮ" ಎಂದರು. ಹಿಂದಿನ ಬಸ್ಸು ಬೈಯುತ್ತ ನಮ್ಮನ್ನು ಬಳಸಿಕೊಂಡು ಕಂಬಿ ದಾಟಿತು. ಅವರು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತು, ತೆರೆದ ಗೇಟನ್ನೇ ನೋಡತೊಡಗಿದರು.